ಬಿಚ್ಚದ ಕಟ್ಟು

ಈಶ್ವರಮಂಗಲದ ಕಡೆ ಯಾರಾದರೂ ಗಲ್ಫಿಗೆ ಹೊರಟರೆಂದರೆ ಆ ಮನೆಯ ಜಗಲಿ ಅಂಚೆ ಕಚೇರಿಯ ಹಾಗಾಗುತ್ತದೆ. ಹತ್ತಿರದವರು, ದೂರದವರು, ಬರೀ ಹೆಸರು ಕೇಳಿ ಗೊತ್ತಿದ್ದವರು ಕೂಡ ಕಟ್ಟು ಹಿಡಿದುಕೊಂಡು ಬರುತ್ತಾರೆ. ಒಬ್ಬರ ಮಗನಿಗೆ ಮಾವಿನ ಉಪ್ಪಿನಕಾಯಿ, ಇನ್ನೊಬ್ಬರ ಗಂಡನಿಗೆ ಬಿ.ಪಿ. ಮಾತ್ರೆ, ಮತ್ತೊಬ್ಬರ ಅಳಿಯನಿಗೆ ತೆಂಗಿನೆಣ್ಣೆ. ತಂದವರಿಗೆ ಚಹಾ ಕೊಡಬೇಕು, ಕಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು. ಒಳಗೇನಿದೆ ಎಂದು ಕೇಳಬಾರದು, ಬಿಚ್ಚಿ ನೋಡಲಂತೂ ಬಾರದು. ಬಿಚ್ಚಿದರೆ, ನಿಮ್ಮ ಮೇಲೆ ನಮಗೆ ನಂಬಿಕೆಯಿಲ್ಲವೆಂದು ಮುಖಕ್ಕೆ ಹೇಳಿದ ಹಾಗೆ.

ಅಹ್ಮದ್ ಕುಂಞಿಯವರ ಮನೆಯಲ್ಲಿ ಈ ಮರ್ಯಾದೆ ಉಳಿದ ಮನೆಗಳಿಗಿಂತ ಒಂದು ತೂಕ ಹೆಚ್ಚೇ ಇತ್ತು. ಪ್ರಾಯವನ್ನೆಲ್ಲ ಗಲ್ಫಿನ ಹೋಟೆಲ್ ಅಡಿಗೆಮನೆಗಳಲ್ಲಿ ಸವೆಸಿ ಬಂದವರು ಅವರು. ಫೋನು ಕೈಗೆಟುಕದ ಆ ಕಾಲದಲ್ಲಿ ಹೆಂಡತಿ ಐಸಮ್ಮ ಮಾಡಿ ಕಳಿಸಿದ ಅಕ್ಕಿಯುಂಡೆ ಯಾರದೋ ಪೆಟ್ಟಿಗೆಯಲ್ಲಿ ಬಂದು ಸೇರಿದರೆ, ತಿನ್ನುವ ಮೊದಲು ಡಬ್ಬಿಯ ಮುಚ್ಚಳ ತೆಗೆದು ಮೂಸುತ್ತಾ ಕುಳಿತಿರುತ್ತಿದ್ದರಂತೆ. ಆ ಋಣ ಅವರಿಗೆ ಮರೆತಿರಲಿಲ್ಲ. ಹಾಗಾಗಿ ಮಗ ಜಾಸಿರ್ ರಜೆ ಮುಗಿಸಿ ಹೊರಟಾಗಲೆಲ್ಲ ಪೆಟ್ಟಿಗೆಯ ತೂಕ ನೋಡುವವರು ಅವರೇ, ಕಟ್ಟಳೆ ಹೇಳುವವರೂ ಅವರೇ. ತೂಕ ಹೆಚ್ಚಾದರೆ ಮನೆಯ ಸಾಮಾನನ್ನು ತೆಗೆಯಬೇಕು, ಊರವರದ್ದನ್ನು ಮುಟ್ಟಬಾರದು.

ಆ ಸಲವೂ ಹಾಗೆಯೇ ಆಯಿತು. ಪೆಟ್ಟಿಗೆ ಇನ್ನೇನು ಮುಚ್ಚಬೇಕೆನ್ನುವಾಗ ಹಸನಬ್ಬರ ಮಗ ಝಾಕಿರ್ ಬೈಕಿನಲ್ಲಿ ಬಂದ. ಜಾಸಿರ್‌ನ ಜೊತೆ ಒಂದೇ ಬೆಂಚಿನಲ್ಲಿ ಕುಳಿತು ಕಲಿತವನು. ಬಟ್ಟೆ ಸುತ್ತಿ ನಾಲ್ಕೂ ಕಡೆ ಹೊಲಿದ ಕಟ್ಟೊಂದನ್ನು ಅಹ್ಮದ್ ಕುಂಞಿಯವರ ಕೈಗಿಟ್ಟು, ಗಲ್ಫಿನಲ್ಲಿರುವ ತನ್ನ ಇನ್ನೊಬ್ಬ ಗೆಳೆಯನಿಗೆ ಹಲ್ವ ಮತ್ತು ಸ್ವಲ್ಪ ಒಣಮೀನು, ಅವನೇ ವಿಮಾನ ನಿಲ್ದಾಣಕ್ಕೆ ಬಂದು ತೆಗೆದುಕೊಳ್ಳುತ್ತಾನೆ ಎಂದ. ಚಹಾ ಕುಡಿಯಲಿಕ್ಕೂ ನಿಲ್ಲಲಿಲ್ಲ.

ಜಾಸಿರ್‌ನ ಹೆಂಡತಿ ಸಫೂರಾ ಆ ಕಟ್ಟನ್ನು ತಿರುಗಿಸಿ ನೋಡಿದಳು. "ಮಾಮಿ, ಹಲ್ವಕ್ಕೆ ಇಷ್ಟು ಹೊಲಿಗೆ ಯಾಕೆ? ಒಮ್ಮೆ ಬಿಚ್ಚಿ ನೋಡಿ ನಾನೇ ಪುನಃ ಹೊಲಿದು ಕೊಡ್ತೇನೆ."

ಅವಳು ಕೇಳಿದ್ದು ಐಸಮ್ಮನನ್ನು. ಉತ್ತರ ಬಂದದ್ದು ಮಾವನಿಂದ. "ಬಿಚ್ಚಿ ನೋಡ್ಲಿಕ್ಕೆ ನಮ್ಮದೆಂತ ಕಸ್ಟಮ್ಸ್ ಆಫೀಸಾ ಮಾರಾಯ್ತಿ? ನಿನ್ನ ಉಪ್ಪನಿಗೆ ಶುಗರಿನ ಮದ್ದು ನಾನೇ ಹೊತ್ತುಕೊಂಡು ಹೋಗ್ತಿದ್ದದ್ದು. ಆಗ ಯಾರು ಬಿಚ್ಚಿ ನೋಡಿದ್ದು?"

ಎಲ್ಲರೂ ನಕ್ಕರು. ಸಫೂರಾ ಕೂಡ ಸೋತು ನಕ್ಕಳು. ಐಸಮ್ಮ ಪೆಟ್ಟಿಗೆಯಿಂದ ತನ್ನ ಅಕ್ಕಿಯುಂಡೆಯ ಡಬ್ಬಿಯನ್ನು ತೆಗೆದು ಪಕ್ಕಕ್ಕಿಟ್ಟು, ಆ ಜಾಗದಲ್ಲಿ ಝಾಕಿರ್‌ನ ಕಟ್ಟನ್ನು ಒತ್ತಿ ಕೂರಿಸಿದಳು. ಅಹ್ಮದ್ ಕುಂಞಿಯವರು ಮಗನಿಗೆ ಎಂದಿನಂತೆ ಬುದ್ಧಿ ಹೇಳಿದರು. "ಅಲ್ಲಿ ಕೇಳ್ತಾರೆ, ಪೆಟ್ಟಿಗೆ ತುಂಬಿಸಿದ್ದು ಯಾರು ಅಂತ. ಎಲ್ಲ ನನ್ನದೇ, ನಾನೇ ತುಂಬಿಸಿದ್ದು ಅಂತ ಹೇಳು. ಬೇರೆಯವರದ್ದು ಅಂದ್ರೆ ಒಂದೊಂದನ್ನೂ ಎಳೆದು ಹಾಕಿ ದಿನ ಹಾಳು ಮಾಡ್ತಾರೆ." ಗಲ್ಫಿಗೆ ಹೋಗಿ ಬಂದವರು ಹೊಸಬರಿಗೆ ಕಲಿಸುವ ಮೊದಲ ಪಾಠವೇ ಅದು.

ಗಲ್ಫಿನಲ್ಲಿ ಇಳಿದಾಗ ಜಾಸಿರ್ ಹಾಗೆಯೇ ಹೇಳಿದ. ಒಣಮೀನಿನ ಅಡಿಯಲ್ಲಿ ಪ್ಲಾಸ್ಟಿಕ್ ಸುತ್ತಿ ಅದುಮಿದ್ದ ಗಾಂಜಾ ಹೊರಬರುವ ಮೊದಲೇ ಹೇಳಿಬಿಟ್ಟಿದ್ದ.

ಮನೆಗೆ ಫೋನು ಮಾಡಿ ಸುದ್ದಿ ತಿಳಿಸಿದ್ದು ಅಲ್ಲಿ ಅವನ ಜೊತೆ ಕೆಲಸ ಮಾಡುವ ಸುಳ್ಯದ ಹರಿಪ್ರಸಾದ್. ಅವನೇ ಅಲ್ಲಿ ವಕೀಲರನ್ನು ಹುಡುಕಿದ, ಜೈಲಿಗೆ ಅಲೆದ. ಕಟ್ಟು ಯಾರದ್ದೆಂದು ಜಾಸಿರ್ ಆಮೇಲೆ ಹೇಳಿದ್ದನ್ನು ಅಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಟ್ಟು ಕೊಟ್ಟವನ ಮೇಲೆ ಊರಿನಲ್ಲಿ ಪೊಲೀಸ್ ದೂರು ದಾಖಲಾಗಿ, ಅದರ ಕಾಗದ ಬಂದರೆ ಹೇಳಿಕೊಳ್ಳಲಿಕ್ಕೊಂದು ಆಧಾರವಾದೀತು ಎಂದರು ಆ ವಕೀಲರು.

ಸಫೂರಾ ಅತ್ತೆಯನ್ನು ಕರೆದುಕೊಂಡು ಪುತ್ತೂರಿಗೆ ಹೋಗಿ ಮನೋರಮಾ ಎಂಬ ವಕೀಲೆಯನ್ನು ಕಂಡಳು. ಅವರು ನಿಧಾನವಾಗಿ ವಿವರಿಸಿದರು. ಒಂದು ಕಿಲೋದವರೆಗಿನ ಗಾಂಜಾವನ್ನು ಇಲ್ಲಿಯ ಕಾನೂನು ಸಣ್ಣ ಪ್ರಮಾಣವೆನ್ನುತ್ತದೆ, ಹೆಚ್ಚೆಂದರೆ ಒಂದು ವರ್ಷದ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಜಾಸಿರ್‌ನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಅಷ್ಟೂ ಇರಲಿಲ್ಲ. ಆದರೆ ಅವನು ಸಿಕ್ಕಿಬಿದ್ದದ್ದು ಇಲ್ಲಿ ಅಲ್ಲ. ಅಲ್ಲಿ ಅದು ಸಣ್ಣದಲ್ಲ, ಹೊತ್ತವನೇ ಹೊಣೆ.

"ಝಾಕಿರ್‌ಗೆ ಇಲ್ಲಿ ಒಂದು ವರ್ಷ," ಎಂದಳು ಸಫೂರಾ, ಲೆಕ್ಕ ತಪ್ಪಿದವಳಂತೆ. "ಇವರಿಗೆ ಅಲ್ಲಿ?"

ಮನೋರಮಾ ದೂರಿನ ಮಾತಿಗೆ ಬಂದರು. ಕಟ್ಟನ್ನು ಕೈಯಾರೆ ತೆಗೆದುಕೊಂಡ ಯಜಮಾನರೇ ಠಾಣೆಗೆ ಬಂದು ಹೇಳಿಕೆ ಕೊಟ್ಟರೆ ಒಳ್ಳೆಯದು ಎಂದರು.

ಯಜಮಾನರು ಹೊರಡುವ ಮೊದಲೇ ಹಸನಬ್ಬ ಮನೆಗೆ ಬಂದರು. ಮಗ ಗಡಿ ದಾಟಿ ಕಾಸರಗೋಡಿನ ಕಡೆ ಹೋಗಿದ್ದಾನೆ, ಎಲ್ಲಿದ್ದಾನೋ ತನಗೂ ತಿಳಿಯದು ಎಂದರು. ಹೇಳುವಾಗ ಅವರ ಕಣ್ಣು ನೆಲದ ಮೇಲಿತ್ತು. "ಅಹ್ಮದಿಚ್ಚಾ, ಹುಡುಗ ತಪ್ಪಿದ್ದಾನೆ. ಇಲ್ಲ ಅಂತ ನಾನು ಹೇಳುದಿಲ್ಲ. ಆದ್ರೆ ಮಗಳು ಮುನೀರಾಳ ನಿಕಾಹ್ ಹತ್ತಿರ ಬಂತು. ಮನೆ ಬಾಗಿಲಿಗೆ ಪೊಲೀಸ್ ಬಂದ್ರೆ ಹುಡುಗನ ಕಡೆಯವರು ನಿಲ್ತಾರಾ? ಜಾಸಿರ್‌ಗೆ ಅಲ್ಲಾಹು ಒಂದು ದಾರಿ ತೋರಿಸ್ತಾನೆ."

"ದಾರಿ ತೋರಿಸಿ ಆಗಿದೆ ಹಸನಾಕ," ಬಾಗಿಲ ಹಿಂದಿನಿಂದ ಸಫೂರಾ ಹೇಳಿದಳು. "ನಡೀಲಿಕ್ಕೆ ಜನ ಇಲ್ಲ, ಅಷ್ಟೆ."

ಅಹ್ಮದ್ ಕುಂಞಿಯವರು ಸೊಸೆಯನ್ನು ಗದರಲಿಲ್ಲ. ಹಸನಬ್ಬ ಹೋದ ಮೇಲೆ ಐಸಮ್ಮನಿಗೆ ಹೇಳಿದರು, "ನಂಬಿ ನನ್ನ ಕೈಯಲ್ಲಿ ಕೊಟ್ಟದ್ದು. ಕೊಟ್ಟವನನ್ನು ನಾನೇ ಹಿಡಿದುಕೊಟ್ರೆ, ನಾಳೆ ಈ ಊರಲ್ಲಿ ಯಾರು ಯಾರ ಕೈಯಲ್ಲಿ ಒಂದು ಮಾತ್ರೆಯನ್ನಾದ್ರೂ ಕಳಿಸಿಯಾರು?"

ಒಂದು ಮಾತ್ರೆ ಹೋಗದಿದ್ದರೆ ಯಾರೋ ಒಬ್ಬರು ಅಲ್ಲಿಯೇ ಔಷಧಿ ಅಂಗಡಿಗೆ ಹೋಗುತ್ತಾರೆ, ಮಗ ಬಾರದಿದ್ದರೆ ನಾನು ಎಲ್ಲಿಗೆ ಹೋಗಲಿ ಎಂದು ಐಸಮ್ಮನಿಗೆ ಕೇಳಬೇಕೆನಿಸಿತು. ಗಂಡನೆದುರು ಮಾತು ಬೆಳೆಸಿ ಅವಳಿಗೆ ಅಭ್ಯಾಸವಿರಲಿಲ್ಲ. ಗಂಡ ಇವತ್ತು ಠಾಣೆಗೆ ಹೋಗುತ್ತಾರೆ, ನಾಳೆ ಹೋಗುತ್ತಾರೆ ಎಂದು ಕಾದಳು. ಮುನೀರಾಳ ನಿಕಾಹ್ ಆಯಿತು. ಬಿರಿಯಾನಿಯ ಪಾತ್ರೆಯೊಂದು ಈ ಮನೆಗೂ ಬಂತು. ಸಫೂರಾ ಅದನ್ನು ಮುಟ್ಟಲಿಲ್ಲ.

ಮದುವೆಯ ಗದ್ದಲ ಇಳಿಯುವಷ್ಟರಲ್ಲಿ ಅಲ್ಲಿ ವಿಚಾರಣೆ ಮುಗಿದಿತ್ತು. ಹತ್ತು ವರ್ಷ.

ಜೈಲಿನಿಂದ ಜಾಸಿರ್‌ಗೆ ಫೋನು ಮಾಡಲು ಬಿಟ್ಟದ್ದು ಅದಾದ ಮೇಲೆ. ಅವನ ಸ್ವರ ನೆಗಡಿಯಾದವನ ಹಾಗಿತ್ತು. "ಉಮ್ಮಾ, ಪುನಃ ಪುನಃ ಕೇಳಿದ್ರು, ಯಾರು ತುಂಬಿಸಿದ್ದು ಅಂತ. ಉಪ್ಪ ಹೇಳಿಕೊಟ್ಟದ್ದನ್ನೇ ಹೇಳಿದೆ. ಆಮೇಲೆ ನಿಜ ಹೇಳಿದ್ರೆ ಆಗ ಯಾಕೆ ಸುಳ್ಳು ಹೇಳಿದ್ದು ಅಂತ ಕೇಳ್ತಾರೆ." ಉಪ್ಪನಿಗೆ ಇದನ್ನು ಹೇಳಬೇಡಿ, ಅವರಿಗೆ ಬೇಸರವಾದೀತು ಎಂದ. ಅಹ್ಮದ್ ಕುಂಞಿಯವರು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅವತ್ತಿನಿಂದ ಮನೆಯಲ್ಲಿ ಫೋನು ಸದ್ದು ಮಾಡಿದರೆ ಅವರು ಎದ್ದು ಅಂಗಳಕ್ಕೆ ಹೋಗುತ್ತಿದ್ದರು. ಜಾಸಿರ್‌ನ ಪುಟ್ಟ ಮಗಳು ಶಿಫಾ ಮಾತ್ರ ಯಾರ ಫೋನು ಬಂದರೂ ಓಡಿ ಬಂದು ಉಪ್ಪಾ ಎನ್ನುತ್ತಿದ್ದಳು.

ಇಷ್ಟಾದರೂ ಊರು ಬದಲಾಗಲಿಲ್ಲ. ಹೊರಟವರ ಮನೆಗೆ ಕಟ್ಟುಗಳು ಬರುತ್ತಲೇ ಇದ್ದವು, ಬಿಚ್ಚದೆ ಹೋಗುತ್ತಲೇ ಇದ್ದವು. ಒಂದು ದಿನ ರುಖಿಯಮ್ಮ ಎಂಬ ನೆರೆಮನೆಯವಳು ಮೊಮ್ಮಗನಿಗೆಂದು ಹಪ್ಪಳದ ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟವರ ಮನೆಗೆ ಹೋಗುತ್ತಿದ್ದಳು. ದಾರಿಯಲ್ಲಿ ಐಸಮ್ಮನನ್ನು ಕಂಡು ನಿಂತಳು. ಸಮಾಧಾನ ಹೇಳುವ ಧಾಟಿಯಲ್ಲೇ ಹೇಳಿದಳು, "ಬೇಜಾರು ಮಾಡ್ಬೇಡ ಐಸಮ್ಮಾ. ಗಂಡು ಮಕ್ಕಳ ವಿಷಯ, ನಮಗೆಂತ ಗೊತ್ತಾಗ್ತದೆ? ಜಾಸಿರ್‌ಗೂ ಸ್ವಲ್ಪ ಗೊತ್ತಿದ್ದಿರ್ಬೇಕು ಅಂತ ಎಲ್ಲರೂ ಹೇಳುದು."

ಐಸಮ್ಮ ಅಲ್ಲೇ ನಿಂತುಬಿಟ್ಟಳು. ಊರಿನವರ ಮೇಲೆ ಸಂಶಯಪಡಬಾರದೆಂದು ಮಗ ಹೊಲಿಗೆ ಬಿಚ್ಚಲಿಲ್ಲ. ಆ ಊರಿಗೆ ಅವನ ಮೇಲೆ ಸಂಶಯಪಡಲು ಒಂದು ಗಳಿಗೆಯೂ ಬೇಕಾಗಲಿಲ್ಲ. ಯಾರ ಮರ್ಯಾದೆಯನ್ನು ಕಾಯಲು ಇಷ್ಟು ದಿನ ಬಾಯಿ ಮುಚ್ಚಿ ಕುಳಿತಿದ್ದೆ ಎಂದು ಅವಳಿಗೆ ಅನಿಸಿದ್ದು ಆಗಲೇ.

ಮನೆಗೆ ಬಂದವಳು ಬುರ್ಖಾ ಹಾಕಿಕೊಂಡು ಸಫೂರಾಳನ್ನು ಕರೆದಳು. ಮೇಲಿನ ಕೋರ್ಟಿಗೆ ಹೋಗಲು ಇನ್ನೂ ಅವಕಾಶವಿದೆಯೆಂದು ಹರಿಪ್ರಸಾದ್ ಹೇಳಿದ್ದ. ಅಹ್ಮದ್ ಕುಂಞಿಯವರು ಅಂಗಳದಲ್ಲಿದ್ದರು. ಎಲ್ಲಿಗೆಂದು ಕೇಳಿದರು.

"ಠಾಣೆಗೆ," ಎಂದಳು ಐಸಮ್ಮ. "ನೀವು ಬಂದ್ರೆ ಒಳ್ಳೆದು. ಬಾರದಿದ್ರೂ ನಾನು ಹೋಗ್ತೇನೆ."

ಅವರು ಬರಲಿಲ್ಲ, ತಡೆಯಲೂ ಇಲ್ಲ.

ಠಾಣೆಗೆ ಹೋಗುವ ಮೊದಲು ಮನೋರಮಾ ಮುಚ್ಚುಮರೆಯಿಲ್ಲದೆ ಎಚ್ಚರಿಸಿದರು. ಆ ಕಟ್ಟನ್ನು ನಾನೇ ಇಟ್ಟೆನೆಂದರೆ ನಿಮ್ಮನ್ನೂ ಪ್ರಶ್ನಿಸಬಹುದು, ಕೇಸಿನಲ್ಲಿ ನಿಮ್ಮ ಹೆಸರೂ ಸೇರಬಹುದು. ಐಸಮ್ಮ ತಲೆಯಾಡಿಸಿದಳು. ಠಾಣೆಯಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ತಂದವನು ಝಾಕಿರ್, ಹಸನಬ್ಬರ ಮಗ. ತೆಗೆದುಕೊಂಡದ್ದು ನನ್ನ ಗಂಡ. ಪೆಟ್ಟಿಗೆಗೆ ತುಂಬಿಸಿದ್ದು ನಾನು, ಈ ಕೈಯಲ್ಲಿ. ಮಗ ಅದನ್ನು ಮುಟ್ಟಿಯೂ ಇರಲಿಲ್ಲ.

ಠಾಣೆಯ ರೈಟರ್ ಬರೆಯುವುದನ್ನು ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದ. "ಅಷ್ಟು ಹೊಲಿಗೆ ಹಾಕಿದ ಕಟ್ಟು. ಒಮ್ಮೆ ಬಿಚ್ಚಿ ನೋಡ್ಬಾರದಿತ್ತಾ ಅಮ್ಮಾ?"

"ಮರ್ಯಾದೆಗೆ ನೋಡ್ಲಿಲ್ಲ."

ಅವನು ಅದನ್ನು ಬಿಟ್ಟು ಮುಂದಿನ ಸಾಲಿಗೆ ಹೋದ. ಐಸಮ್ಮ ಮೇಜಿನ ಹತ್ತಿರ ಬಂದು ಆ ಕಾಗದದ ಮೇಲೆ ಬೆರಳಿಟ್ಟಳು.

"ಅದನ್ನೂ ಬರೀರಿ."

"ಅದು ಕಾರಣ ಅಂತ ಆಗುದಿಲ್ಲಮ್ಮಾ."

"ನನ್ನ ಮಗ ಜೈಲಿಗೆ ಹೋದದ್ದೇ ಅದರಿಂದ," ಎಂದಳು ಐಸಮ್ಮ. "ಬರೀರಿ. ನಾನು ಇಲ್ಲೇ ನಿಂತಿರ್ತೇನೆ."