ಹಾಲು ಬಿಡಿಸಿದ್ದು

ಉತ್ತರಹಳ್ಳಿಯ ಸೌಮ್ಯಳ ಮಗಳು ತೇಜಸ್ವಿನಿಗೆ ಆರು ವರ್ಷವಾದರೂ ಮಾತು ಬಂದಿರಲಿಲ್ಲ. ಆಟಿಸಂ ಎಂದು ಡಾಕ್ಟರು ಹೇಳಿದ್ದರು. ಅವಳು ತಿನ್ನುತ್ತಿದ್ದುದು ಹಾಲಿನಲ್ಲಿ ನೆನೆಸಿದ ಚಪಾತಿ, ಇಲ್ಲವೇ ಮೊಸರನ್ನ. ಬೇರೇನು ಕೊಟ್ಟರೂ ಉಗುಳುತ್ತಿದ್ದಳು.

ಜಯನಗರದ ಡಯಟ್ ಸಲಹೆಗಾರ್ತಿಯೊಬ್ಬರು ಗೋಧಿ, ಹಾಲು ಎರಡನ್ನೂ ಪೂರ್ತಿ ನಿಲ್ಲಿಸಲು ಹೇಳಿದರು. "ಮೊದಮೊದ್ಲು ಕಷ್ಟ ಆಗುತ್ತೆ ಮೇಡಂ. ಕುಡಿಯೋರು ಕುಡಿತ ಬಿಟ್ಟಾಗ ಒದ್ದಾಡ್ತಾರಲ್ಲ, ಹಾಗೇ. ನೀವು ಗಟ್ಟಿಯಾಗಿರಿ. ಆಮೇಲೆ ಮಾತು ಬರುತ್ತೆ."

ಆ ಕೊನೆಯ ಮಾತನ್ನು ನಂಬಿ ಸೌಮ್ಯ ಮನೆಗೆ ಹಾಲು, ಗೋಧಿಹಿಟ್ಟು ತರುವುದನ್ನೇ ಬಿಟ್ಟಳು.

ಮಾರನೆಯ ದಿನವೇ ಮಗು ಕಿರುಚಲು ಶುರುಮಾಡಿತು. ಫ್ರಿಜ್ಜಿಗೆ ತಲೆ ಚಚ್ಚಿಕೊಂಡಿತು. ರಕ್ತ ಬರುವಂತೆ ಮುಂಗೈ ಕಚ್ಚಿಕೊಂಡಿತು. ರಾಗಿ ದೋಸೆ, ಅವಲಕ್ಕಿ ಎಲ್ಲ ಗೋಡೆಗೆ ಬಿದ್ದವು. ಫೋನ್ ಮಾಡಿದರೆ ಸಲಹೆಗಾರ್ತಿಗೆ ಖುಷಿ. "ಒಳ್ಳೇ ಲಕ್ಷಣ ಮೇಡಂ ಇದು. ವಿಷ ಹೊರಗೆ ಹೋಗ್ತಿದೆ."

"ಒಂದು ತುತ್ತು ಮೊಸರನ್ನ ಕೊಡವ್ವ. ಕೂಸು ಹಸ್ಕೊಂಡು ಸಾಯ್ತದೆ," ಎಂದು ನಾಲ್ಕನೆಯ ದಿನ ಅತ್ತೆ ಸಿದ್ದಗಂಗಮ್ಮ ಅತ್ತರು.

"ಈಗ ಕೊಟ್ರೆ ಇಷ್ಟು ದಿನ ಕಷ್ಟ ಪಟ್ಟಿದ್ದೆಲ್ಲ ನೀರಲ್ಲಿ ಹೋಮ ಅತ್ತೆ. ನಿಮ್ ಕಾಲು ಹಿಡ್ಕೋತೀನಿ, ಸುಮ್ನಿರಿ."

ಗಂಡ ಮೌನೇಶ ಆ ಕಿರುಚಾಟ ಕೇಳಲಾರದೆ ಕೆಲಸ ಮುಗಿದ ಮೇಲೂ ಬಸ್ ಸ್ಟಾಪಿನಲ್ಲಿ ಕೂತಿರತೊಡಗಿದ.

ಕೆಲವು ವಾರಗಳಲ್ಲಿ ಮನೆ ತಣ್ಣಗಾಯಿತು. ಸೌಮ್ಯ ದೇವರಿಗೆ ತುಪ್ಪದ ದೀಪ ಹಚ್ಚಿ, ಮಗಳ ಮುಂದೆ ಕೂತು, "ಅಮ್ಮ ಅನ್ನು ಚಿನ್ನೀ, ಅಮ್ಮ," ಎಂದಳು. ತೇಜಸ್ವಿನಿ ಅವಳತ್ತ ನೋಡಲಿಲ್ಲ. ಕಿರುಚುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. ಅಷ್ಟೂ ದಿನ ಹೊಟ್ಟೆಗೆ ಇಳಿದದ್ದು ದಿನಕ್ಕೆ ನಾಲ್ಕು ಗುಟುಕು ಗಂಜಿನೀರು; ಫ್ರಾಕು ಭುಜದಿಂದ ಜಾರುತ್ತಿತ್ತು.

ಎತ್ತಿಕೊಂಡು ಹೋದಾಗ ಮಕ್ಕಳ ಡಾಕ್ಟರು ತೂಕ ನೋಡಿ ಗಾಬರಿಯಾದರು. "ಯಾರಮ್ಮ ಹೇಳಿದ್ದು ನಿಮ್ಗೆ? ಇದ್ರಿಂದ ಮಾತು ಬರಲ್ಲ. ಮೊದ್ಲು ಅವಳು ಏನು ತಿಂತಿದ್ಲೋ ಅದನ್ನ ಕೊಡಿ."

ದಾರಿಯಲ್ಲೇ ಹಾಲು, ಮೊಸರು, ಗೋಧಿಹಿಟ್ಟು ಕೊಂಡರು. ಸೌಮ್ಯ ಮೊಸರನ್ನ ಕಲಸಿ ತುತ್ತು ಹಿಡಿದಳು. ತೇಜಸ್ವಿನಿ ಮೂಸಿ ನೋಡಿ ಮುಖ ತಿರುಗಿಸಿದಳು. ಹಾಲಿನ ಚಪಾತಿಗೂ ತುಟಿ ತೆರೆಯಲಿಲ್ಲ. ಮರುದಿನವೂ ಇಲ್ಲ, ಆ ವಾರವೆಲ್ಲ ಇಲ್ಲ.

"ರುಚಿನೇ ಮರ್ತೋಯ್ತು ಕಣವ್ವ ಅದಕ್ಕೆ," ಎಂದರು ಸಿದ್ದಗಂಗಮ್ಮ. ಸೊಸೆಯನ್ನು ಬೈಯಲಿಲ್ಲ. ಬೈದಿದ್ದರೆ ಸೌಮ್ಯಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಈಗ ಡಾಕ್ಟರು ಬರೆದುಕೊಟ್ಟ ಪೌಷ್ಟಿಕ ಪುಡಿಯನ್ನು ನೀರಿನಲ್ಲಿ ಕದಡಿ, ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಗೆ ಬಿಡುತ್ತಾರೆ. ಮೌನೇಶ ಕೈ ಹಿಡಿದುಕೊಳ್ಳುತ್ತಾನೆ, ಅಜ್ಜಿ ತಲೆ. ಮಗು ಅರ್ಧ ನುಂಗುತ್ತದೆ, ಅರ್ಧ ಕೆನ್ನೆಯ ಮೇಲೆ ಇಳಿಯುತ್ತದೆ. ಸೌಮ್ಯ ಸೆರಗಿನಿಂದ ಒರೆಸಿ, ಸಿರಿಂಜನ್ನು ಮತ್ತೆ ತುಂಬಿಸುತ್ತಾಳೆ.