ಬಗಲಾಗ ಎಂದ ಸೈಫುದ್ದೀನ

ಸೈಫುದ್ದೀನ ನಡೆಯುವುದನ್ನು ನೋಡಿದವರಿಗೆ, ಈ ಪುಣ್ಯಾತ್ಮ ಭೂದೇವಿಯ ಕ್ಷಮೆ ಕೇಳಿಕೊಂಡೇ ಹೆಜ್ಜೆ ಇಡುತ್ತಿದ್ದಾನೋ ಏನೋ ಎಂಬ ಸಂಶಯ ಬರಬೇಕು. ಹಿಮ್ಮಡಿ ನೆಲಕ್ಕೆ ಊರುವುದಿಲ್ಲ, ಘಳಿಗೆಗೊಮ್ಮೆ ಹಿಂದಿರುಗಿ ನೋಡುವುದು ತಪ್ಪುವುದಿಲ್ಲ. ಮೈಮೇಲೆ ಯಾರೋ ಕೊಟ್ಟ ಹಳೆಯ ಖಾಕಿ ಕೋಟು. ಅದರ ಹಿತ್ತಾಳೆ ಗುಂಡಿಗಳ ಹೊಳಪಿಗೆ ಹಕ್ಕಿಗಳು ಬೆದರುತ್ತವೆಂದು ಗುಂಡಿಗಳನ್ನೆಲ್ಲ ಕಿತ್ತು, ದಾರ ಕಟ್ಟಿಕೊಂಡಿದ್ದ. ವೃತ್ತಿಯಿಂದ ಅವನು ಕಲ್ಯಾಣದ ಕೆರೆಯ ತೂಬು ಕಾಯುವವನು. ಆದರೆ ಚಳಿಗಾಲದ ವಲಸೆ ಹಕ್ಕಿಗಳನ್ನು ನೋಡಲು ಬಂದವರಿಗೆಲ್ಲ ಅವನೇ ಮಾರ್ಗದರ್ಶಿ. ಹುಮನಾಬಾದದಲ್ಲಿ ಮಾಸ್ತರಿಕೆ ಮಾಡಿಕೊಂಡಿದ್ದ ನಾನು ರಜೆ ಸಿಕ್ಕಾಗಲೆಲ್ಲ ಅವನ ಬೆನ್ನು ಹಿಡಿಯುತ್ತಿದ್ದೆ.

ಅವನದು ಎರಡು ಹಟ. ಹಕ್ಕಿಯತ್ತ ಬೆರಳು ತೋರಿಸುವುದಿಲ್ಲ, ಬಾಯಿಂದಲೇ ದಿಕ್ಕು ಹೇಳುತ್ತಾನೆ. ಮನೆಯಲ್ಲಿ ಹೆಂಡತಿ ಹಜಿರಾ ಬೀಯ ಜೊತೆ ನಿರರ್ಗಳ ದಖ್ಖನಿ ಉರ್ದು ಆಡುವವನು, ದಂಡೆಗೆ ಬಂದೊಡನೆ ಅಪ್ಪಟ ಕನ್ನಡಿಗ. ಕಾರಣ ಕೇಳಿದರೆ, "ಉರ್ದು ಮಾತಾಡೋ ಸಾಹೇಬ್ರು ಬಂದೂಕ ತರ್ತಾರ್ರಿ ಮಾಸ್ತರ್ರ. ಹಕ್ಕಿಗೆ ಗೊತ್ತದ. ಕನ್ನಡ ಕೇಳಿದ್ರ ಎಮ್ಮಿ ಕಾಯೋರು ಬಂದಾರಂತ ಸುಮ್ನ ಕೂಡ್ತಾವ" ಎನ್ನುತ್ತಿದ್ದ. ನಗಬೇಡಿ, ಆ ದಂಡೆಯ ಮಟ್ಟಿಗೆ ಅದು ಸಿದ್ಧಾಂತವೇ ಆಗಿತ್ತು.

ನಲವತ್ತರ ದಶಕದ ಮೊದಲ ವರ್ಷಗಳ ಮಾತು. ಹೈದರಾಬಾದಿನ ಅಧಿಕಾರಿಯೊಬ್ಬರು ಬಂದೂಕು ಹಿಡಿದೇ ಇಳಿದರು. ಹೆಬ್ಬಾತು ತೋರಿಸಬೇಕು, ತೋರಿಸದಿದ್ದರೆ ತೂಬಿಗೆ ಬೇರೆ ಕಾವಲುಗಾರ. ಮಗಳು ಸರ್ವರಿಯ ನಿಕಾಹ್ ಗೊತ್ತಾಗಿತ್ತು. ಗಂಡಿನವರು ಒಪ್ಪಿದ್ದೇ ಬೀಗರದು ಸರಕಾರಿ ನೌಕರಿ ಎಂದು. ಸೈಫುದ್ದೀನ ನನ್ನ ರಟ್ಟೆ ಹಿಡಿದುಕೊಂಡ. "ನೀವೂ ಬರ್ರಿ. ಒಬ್ಬನ ಹೋಗಾಕ ಅಂಜಿಕಿ ಬರ್ತದ."

ಅಯ್ಯೋ, ಆ ಮುಂಜಾವಿನ ಸಂಕಟವೇ! ಚಳಿಯಲ್ಲೂ ಅವನ ಕೊರಳು ಬೆವೆತಿತ್ತು. ಖಾಲಿ ಮೂಲೆಗಳಲ್ಲೆಲ್ಲ ನಮ್ಮನ್ನು ಸುತ್ತಿಸಿದ. ಸಾಹೇಬರ ಮುಖ ಬಿಗಿಯುತ್ತ ಹೋಯಿತು. ಕೊನೆಗೆ ಒಂದು ಜೊಂಡಿನ ಹತ್ತಿರ ಅವನು ಗಕ್ಕನೆ ನಿಂತ. ಕೈಗೆ ಎಟುಕುವಷ್ಟು ಸಮೀಪದಲ್ಲಿ, ರೆಕ್ಕೆಯೊಳಗೆ ತಲೆಯಿಟ್ಟು, ಹೆಬ್ಬಾತುಗಳ ಹಿಂಡು ನಿದ್ರಿಸುತ್ತಿತ್ತು. ಹಿಂದೆ ನಿಂತ ಸಾಹೇಬರಿಗೆ ಮಾತ್ರ ಜೊಂಡು ಅಡ್ಡವಾಗಿತ್ತು.

"ಬಗಲಾಗ..." ಎಂದ, ಒಣಗಿದ ತುಟಿಯಲ್ಲಿ.

ಪಕ್ಕದಲ್ಲೇ ಇವೆ ಎಂದು ಅದರ ಅರ್ಥ. ಆದರೆ ಸಾಹೇಬರ ಕಿವಿಗೆ ಬಿದ್ದದ್ದು ಬಗ್ಲಾ. ಅವರ ಉರ್ದುವಿನಲ್ಲಿ ಹಾಗೆಂದರೆ ಕೊಕ್ಕರೆ. ದೂರದ ಕೆಸರಿನಲ್ಲಿ ನಿಂತಿದ್ದ ಬಿಳಿ ಕೊಕ್ಕರೆಗಳತ್ತ ನೋಡಿ, ಅದನ್ನು ಯಾರಾದರೂ ತಿನ್ನುತ್ತಾರೆಯೇ ಎಂದು ಮುಖ ಸಿಂಡರಿಸಿದರು: "ಬಗ್ಲಾ ಕೌನ್ ಖಾತಾ ಹೈ ರೇ?"

"ಬಗಲಾಗ್ರೀ ಹುಜೂರ್, ಬಗಲಾಗ!"

ಈ ಸಲ ದನಿ ಏರಿತು. ಹಿಂಡು ಭರ್ರನೆ ಎದ್ದಿತು. ಬಂದೂಕು ತಿರುಗುವಷ್ಟರಲ್ಲಿ ನೀರಿನಾಚೆ ಸೇರಿತ್ತು. ಸಾಹೇಬರು ಬೈದರು. ಆದರೆ ಏನೆಂದು ಶಿಕ್ಷಿಸಿಯಾರು? ಅವನು ಎರಡು ಸಲ ಹೇಳಿದ್ದನಲ್ಲ! ಬುಸುಗುಡುತ್ತ ಮೋಟಾರು ಹತ್ತಿದರು.

"ಭಲೇ ಸೈಫುದ್ದೀನ್ ಭಾಯಿ! ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ" ಎಂದು ನಾನು ಬೆನ್ನು ಚಪ್ಪರಿಸಿದೆ. ಅವನು ಕುಸಿದು ಕೂತು ಅಳತೊಡಗಿದ.

"ಶಾಣ್ಯಾತನ ಅಲ್ರಿ ಮಾಸ್ತರ್ರ. ನಾ ಖರೇನ ತೋರಿಸಿದೆ. ಅವರಿಗೆ ತಿಳೀಲಿಲ್ಲ, ಅಷ್ಟ."

ನೌಕರಿ ಉಳಿಯಿತು, ಸರ್ವರಿಯ ನಿಕಾಹ್ ಸಾಂಗವಾಗಿ ನೆರವೇರಿತು, ಊರೆಲ್ಲ ಅವನ ಯುಕ್ತಿಯನ್ನು ಕೊಂಡಾಡಿತು. ಕೊಂಡಾಡಿದಷ್ಟೂ ಅವನು ಕುಗ್ಗಿದ. ಮರುವರ್ಷ ಹೆಬ್ಬಾತುಗಳು ಬಂದವೆಂದು ನಾನೇ ಹೇಳಬೇಕಾಯಿತು, ಅವನು ಆ ಮಗ್ಗುಲಿಗೆ ಕಾಲಿಟ್ಟಿರಲಿಲ್ಲ. ಅಂಜುಬುರುಕರನ್ನು ಕಂಡರೆ ಲೋಕಕ್ಕೆ ನಗು. ನನಗೆ ಮಾತ್ರ ಮರುಕ. ಧೀರರು ಮಾಡಿದ ತಪ್ಪನ್ನೇ ಮರೆತು ಮಲಗುತ್ತಾರೆ; ಇಂಥ ಸಾಧುಜೀವಿಗಳು ಘಟಿಸದೆ ಹೋದ ಪಾಪಕ್ಕೂ ಜೀವಮಾನವಿಡೀ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿರುತ್ತಾರೆ.