ತಾತನ ಶಾಲೆಗೆ ಸಾಕ್ಷಿ

ನಮ್ಮ ವಂಶದ ಚರಿತ್ರೆ ಪುಸ್ತಕವಾಗಬೇಕೆಂದು ದೊಡ್ಡಪ್ಪನಿಗೆ ಹುಕಿ ಬಂತು. ಊರಿಗೆ ಶಾಲೆ ಕಟ್ಟಿಸಿಕೊಟ್ಟ ತಾತನದೇ ಮೊದಲ ಅಧ್ಯಾಯ. ಬ್ಯಾಂಕಿನ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದ ನಾನು ಅವರ ಕಣ್ಣಿಗೆ ಬಿದ್ದೆ. ಹಳಬರನ್ನು ಮಾತಾಡಿಸಿ ಚರಿತ್ರೆ ಬರೆಯುವುದು ಹೇಗೆಂದು ಲೈಬ್ರರಿಯಲ್ಲಿ ಕಲಿಸುತ್ತಿದ್ದರು. ಅಲ್ಲಿಗೆ ಸೇರಿಕೊಂಡೆ.

ಮೊದಲು ಸಿಕ್ಕಿದ್ದು ಗಾರೆಯಜ್ಜ. ಶಾಲೆ ಕಟ್ಟುವಾಗ ಅವನು ಹುಡುಗ, ಅಪ್ಪನ ಜೊತೆ ಇಟ್ಟಿಗೆ ಹೊತ್ತವನು. ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಅವನ ಮುಂದಿಟ್ಟು ಕೇಳಿದೆ, "ತಾತ ಕಟ್ಟಿಸಿದ ಶಾಲೇಲಿ ಎಲ್ಲಾ ಮಕ್ಕಳೂ ಓದಿದ್ರು, ಅಲ್ವಾ ಅಜ್ಜ?"

"ಹೌದಮ್ಮ. ಎಲ್ಲಾರೂ ಓದಿದ್ರು."

ತರಗತಿಯಲ್ಲಿ ಅದನ್ನು ಕೇಳಿಸಿದಾಗ ಮೇಡಂ ಮುಖ ಗಂಟಿಕ್ಕಿದರು. "ಉತ್ತರಾನ ನೀವೇ ಅವರ ಬಾಯಿಗೆ ತುರುಕಿದ್ದೀರಿ. ಸುಮ್ಮನೆ ಕೇಳಿ, ಆಮೇಲೆ ತೆಪ್ಪಗಿರಿ." ನನಗೆ ಮೈಯೆಲ್ಲ ಉರಿಯಿತು. ಆದರೂ ಮತ್ತೆ ಹೋದೆ.

"ಶಾಲೆ ಶುರುವಾದ ದಿನ ಏನಾಯ್ತು ಅಜ್ಜ?"

ಅವನು ನೆಲ ನೋಡುತ್ತಾ ಹೇಳಿದ. "ಮುಂದಿನ ಬೆಂಚಲ್ಲಿ ಕೂತಿದ್ದೆ. ನಿಮ್ಮ ತಾತ ಕಿವಿ ಹಿಡಿದು ಎಬ್ಬಿಸಿದ್ರು. ಇಟ್ಟಿಗೆ ಹೊರೋನಿಗೆ ಅಕ್ಷರ ಯಾಕೋ ಅಂದ್ರು. ನಮ್ಮ ಓಣಿ ಮಕ್ಕಳು ಒಬ್ಬರೂ ಆ ಬಾಗಿಲು ದಾಟಲಿಲ್ಲ. ಇದನ್ನ ಬರೀರಮ್ಮ. ನನ್ನ ಮೊಮ್ಮಕ್ಕಳು ಓದ್ಲಿ."

ಬರೆದೆ. ತಾತನ ಮೇಲೆ ಬಂದ ಸಿಟ್ಟಿನಲ್ಲಿ ಒಂದೇ ಉಸಿರಿಗೆ ಬರೆದು, ಫೋನಿನಲ್ಲಿದ್ದ ಎರಡೂ ಸಲದ ಮಾತಿನ ಸಮೇತ ದೊಡ್ಡಪ್ಪನಿಗೆ ಒಪ್ಪಿಸಿದೆ. ಉಗುರು ಕತ್ತರಿಸಿಕೊಳ್ಳುತ್ತಿದ್ದ ಅವರು ತಲೆ ಎತ್ತದೆ, "ಇಟ್ಟು ಹೋಗು, ನೋಡ್ತೀನಿ" ಎಂದರು.

ಪುಸ್ತಕ ಅಚ್ಚಾಗಿ ಬಂತು. ಗಾರೆಯಜ್ಜನ ಫೋಟೋ ಅರ್ಧ ಪುಟ ತುಂಬಿತ್ತು. ಅದರ ಕೆಳಗೆ ದಪ್ಪಕ್ಷರದಲ್ಲಿ: "ಎಲ್ಲರೂ ಓದಿದರು." ನಾನು ಬರೆದದ್ದರಲ್ಲಿ ಒಂದು ಸಾಲೂ ಇರಲಿಲ್ಲ.

"ಸುಳ್ಳೇನು ಹಾಕಿಸಿದ್ದೀನಿ? ಅವನ ಬಾಯಿಂದಲೇ ಬಂದಿದ್ದು" ಎಂದರು ದೊಡ್ಡಪ್ಪ. "ಅವನಿಗೂ ಒಂದು ಪುಸ್ತಕ ಕಳಿಸಿದ್ದೀನಿ, ಪಾಪ."

ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಗಾರೆಯಜ್ಜ ಬಾಗಿಲ ಮೆಟ್ಟಿಲ ಮೇಲೆ ಕೂತು ತನ್ನ ಫೋಟೋದ ಮೇಲೆ ಕೈಯಾಡಿಸುತ್ತಿದ್ದ. ನನ್ನನ್ನು ಕಂಡದ್ದೇ ಮುಖ ಅರಳಿತು.

"ಹೆದರ್ತೀರೇನೋ ಅಂದ್ಕೊಂಡಿದ್ದೆ, ನಾನು ಹೇಳಿದ್ದನ್ನ ಹಾಕಿಸೇಬಿಟ್ರಲ್ಲಮ್ಮ" ಎಂದು ಕೆಳಗಿನ ಸಾಲಿನ ಮೇಲೆ ಬೆರಳಿಟ್ಟ. "ಸ್ಕೂಲು ಬಿಡೋ ಹೊತ್ತಾಯ್ತು. ಮೊಮ್ಮಗಳು ಬಂದು ಗಟ್ಟಿಯಾಗಿ ಓದ್ತಾಳೆ. ನೀವೂ ಕೂತ್ಕೊಳ್ಳಿ."

ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟ.